ನೆತ್ತಿಗೆ ಸೂಜಿ: ಗಂಡಸರ ಕೂದಲುದುರುವಿಕೆಗೆ ಇಂಜೆಕ್ಷನ್ ಚಿಕಿತ್ಸೆಗಳು

ಗಂಡಸರ ನೆತ್ತಿಯ ಕೂದಲು ತೆಳುವಾಗುವುದನ್ನು ತಡೆಯಲು ತಲೆಯ ಚರ್ಮಕ್ಕೆ ಸೂಜಿಯಿಂದ ದ್ರವ ಸೇರಿಸುವ ಚಿಕಿತ್ಸೆಗಳು ಈಗ ಹಲವು ಬಗೆಯಲ್ಲಿ ಸಿಗುತ್ತವೆ. ಕೆಲವದರಲ್ಲಿ ಹಾಕುವುದು ರೋಗಿಯ ರಕ್ತದಿಂದಲೇ ತೆಗೆದ ಪ್ಲಾಸ್ಮಾ, ಕೆಲವದರಲ್ಲಿ ಔಷಧಿ, ಇನ್ನು ಕೆಲವದರಲ್ಲಿ ಜೀವಕೋಶಗಳಿಂದ ಪಡೆದ ಸಾರ. ಕೂದಲು ಕಸಿಯಂತೆ ಇಲ್ಲಿ ಬುಡವನ್ನು ಕಿತ್ತು ಬೇರೆಡೆ ನೆಡುವುದಿಲ್ಲ, ಕತ್ತರಿಸುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಯೂ ಇಲ್ಲ. ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಜಾಹೀರಾತುಗಳಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ, ಒಂದೇ ಭರವಸೆಯೊಂದಿಗೆ ಕಾಣಿಸಿಕೊಳ್ಳುತ್ತವೆ. ಆದರೆ ಒಂದೊಂದರ ಹಿಂದಿರುವ ವೈದ್ಯಕೀಯ ಪುರಾವೆಯ ತೂಕ ಬೇರೆ ಬೇರೆ. ಎಲ್ಲಕ್ಕೂ ಅನ್ವಯಿಸುವ ಮಾತೆಂದರೆ, ಇವು ಸೊರಗುತ್ತಿರುವ ಕೂದಲಿಗೆ ಆಸರೆಯಾಗಬಲ್ಲವೇ ಹೊರತು ಪೂರ್ತಿ ಬೋಳಾದ ಜಾಗದಲ್ಲಿ ಹೊಸ ಕೂದಲು ಹುಟ್ಟಿಸಲಾರವು.

ಬುಡ ಸೊರಗುವ ಬಗೆ

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಮತ್ತೆ ಸುಮಾರು 3 ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಬರುತ್ತದೆ. ದಿನಕ್ಕೆ 50ರಿಂದ 100 ಕೂದಲು ಬಾಚಣಿಗೆಗೆ ಸಿಕ್ಕರೆ ಅದು ಸಹಜ.

ಗಂಡಸರ ಬೊಕ್ಕತಲೆಯಲ್ಲಿ ಕೆಡುವುದು ಈ ಚಕ್ರ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವು ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲ ರೂಪಕ್ಕೆ ಬದಲಿಸುತ್ತದೆ. ವಂಶವಾಹಿಯಿಂದಲೇ ಡಿಎಚ್‌ಟಿಗೆ ಸೂಕ್ಷ್ಮವಾಗಿರುವ ಬುಡಗಳಲ್ಲಿ ಬೆಳವಣಿಗೆಯ ಅವಧಿ ಸುತ್ತಿನಿಂದ ಸುತ್ತಿಗೆ ಮೊಟಕಾಗುತ್ತದೆ. ದಪ್ಪ ಕೂದಲು ತೆಳುವಾಗುತ್ತದೆ, ತೆಳು ಕೂದಲು ನವಿರು ರೋಮವಾಗುತ್ತದೆ, ಕೊನೆಗೆ ಬುಡವೇ ಮುಚ್ಚಿಹೋಗುತ್ತದೆ. ಹಣೆಯ ಎರಡು ಮೂಲೆಗಳಲ್ಲಿ ಮತ್ತು ನಡುನೆತ್ತಿಯಲ್ಲಿ ಇಂಥ ಬುಡಗಳು ಹೆಚ್ಚು. ಕಿವಿಯ ಮೇಲಿನ ಹಾಗೂ ಹಿಂತಲೆಯ ಬುಡಗಳಿಗೆ ಡಿಎಚ್‌ಟಿಯ ಕಾಟ ಅಷ್ಟಾಗಿ ತಟ್ಟುವುದಿಲ್ಲ.

ಈ ತಿಳಿವಳಿಕೆ ಬಂದ ದಾರಿ ಕುತೂಹಲಕರ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರುವುದಿಲ್ಲ, ಅವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ಆ ಪ್ರವೃತ್ತಿ ಇರುವವರ ಕೂದಲು ಉದುರತೊಡಗುತ್ತದೆ ಎಂಬುದನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. 1974ರಲ್ಲಿ ಜೂಲಿಯಾ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ರಿಪಬ್ಲಿಕ್ಕಿನ ಕೆಲವು ಕುಟುಂಬಗಳಲ್ಲಿ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಕೊರತೆಯನ್ನು ಹುಟ್ಟಿನಿಂದಲೇ ಪಡೆದವರ ಬಗ್ಗೆ ವರದಿ ಮಾಡಿದರು. ಕಿಣ್ವವನ್ನು ತಡೆಯುವ ಔಷಧಿಯ ಹುಡುಕಾಟಕ್ಕೆ ಈ ವರದಿ ದಾರಿಯಾಯಿತು. ಬೊಕ್ಕತಲೆ ಯಾವ ಹಂತದಲ್ಲಿದೆ ಎಂದು ಅಳೆಯಲು ವೈದ್ಯರು ಇಂದಿಗೂ ಬಳಸುವ 7 ಹಂತಗಳ ಪಟ್ಟಿ ಹ್ಯಾಮಿಲ್ಟನ್ನರ ಕೆಲಸವನ್ನು ಓಟರ್ ನಾರ್ವುಡ್ 1975ರಲ್ಲಿ ಪರಿಷ್ಕರಿಸಿದ್ದು.

ಬೆಂಗಳೂರಿನಲ್ಲಿ ಕೂದಲು ಉದುರಿದರೆ ಮೊದಲ ಆರೋಪ ಬೋರ್‌ವೆಲ್ ನೀರಿನ ಮೇಲೆ, ಎರಡನೆಯದು ಹೆಲ್ಮೆಟ್ಟಿನ ಮೇಲೆ. ಗಡಸು ನೀರಿಗೆ ಕೂದಲು ಒರಟಾಗಬಹುದು, ತುಂಡಾಗಬಹುದು. ಆದರೆ ಅದೇ ನೀರು ಹಿಂತಲೆಯ ಮೇಲೂ ಬೀಳುತ್ತದೆ, ಅದೇ ಹೆಲ್ಮೆಟ್ ಹಿಂತಲೆಯನ್ನೂ ಮುಚ್ಚುತ್ತದೆ. ಅಲ್ಲಿ ಕೂದಲು ಸೊಂಪಾಗಿಯೇ ಇರುತ್ತದೆ. ಉದುರುವ ಜಾಗವನ್ನು ನಿರ್ಧರಿಸುವುದು ವಂಶವಾಹಿ ಮತ್ತು ಹಾರ್ಮೋನು.

ಪಿಆರ್‌ಪಿ: ಸ್ವಂತ ರಕ್ತದ ಪ್ಲಾಸ್ಮಾ

ಇಂಜೆಕ್ಷನ್ ಚಿಕಿತ್ಸೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು, ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಹೇರಳವಾಗಿರುವ ಪ್ಲಾಸ್ಮಾ. ಮನೆಯಲ್ಲಿ ಯಾರಿಗಾದರೂ ಡೆಂಗಿ ಬಂದಾಗ ಎಲ್ಲರೂ ಎಣಿಸುತ್ತ ಕೂರುವ ಪ್ಲೇಟ್‌ಲೆಟ್‌ಗಳೇ ಇವು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಇವುಗಳ ಪರಿಚಿತ ಕೆಲಸ. ಅದರ ಜೊತೆಗೆ ಗಾಯ ಮಾಯಲು, ಹೊಸ ರಕ್ತನಾಳ ಹುಟ್ಟಲು, ಜೀವಕೋಶ ಬೆಳೆಯಲು ಸೂಚನೆ ಕೊಡುವ ಪ್ರೋಟೀನುಗಳನ್ನೂ ಇವು ಹೊತ್ತಿರುತ್ತವೆ. ಬೆಳವಣಿಗೆಯ ಅಂಶಗಳೆಂದು ಕರೆಯುವ ಈ ಪ್ರೋಟೀನುಗಳು ಕೂದಲ ಬುಡದ ಬೆಳವಣಿಗೆಯ ಅವಧಿಯನ್ನು ಹಿಗ್ಗಿಸುತ್ತವೆ ಎಂಬುದು ಚಿಕಿತ್ಸೆಯ ತರ್ಕ.

ಪಿಆರ್‌ಪಿ ಕೂದಲಿಗೆಂದು ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಪ್ಲೇಟ್‌ಲೆಟ್ ಕೊರತೆಯ ರೋಗಿಗಳಿಗೆ ಕೊಡುವ ರಕ್ತದ ಅಂಶವಾಗಿ ಈ ಹೆಸರು ಬಳಕೆಗೆ ಬಂತು. ಆಮೇಲೆ ಹೃದಯ ಶಸ್ತ್ರಚಿಕಿತ್ಸೆ, ದವಡೆಯ ಮೂಳೆ ಕಸಿ, ಆಟಗಾರರ ಕೀಲು ಮತ್ತು ಸ್ನಾಯು ನೋವಿನ ಚಿಕಿತ್ಸೆಗಳಿಗೆ ಹಬ್ಬಿತು. ಬ್ರೆಜಿಲ್ಲಿನ ಶಸ್ತ್ರವೈದ್ಯ ಕಾರ್ಲೋಸ್ ಊಬೆಲ್ ಮತ್ತು ಸಂಗಡಿಗರು ಕಸಿ ಮಾಡುವ ಕೂದಲ ಬುಡಗಳನ್ನು ಇಂಥ ಪ್ಲಾಸ್ಮಾದಲ್ಲಿ ನೆನೆಸಿ ನೆಟ್ಟು, ಹೆಚ್ಚು ಬುಡಗಳು ಬದುಕಿದವೆಂದು 2006ರಲ್ಲಿ ವರದಿ ಮಾಡಿದರು. ಕಸಿಯಿಲ್ಲದೆ ನೇರವಾಗಿ ನೆತ್ತಿಗೆ ಚುಚ್ಚುವ ಪ್ರಯೋಗಗಳು ಅದರ ನಂತರದ ವರ್ಷಗಳಲ್ಲಿ ಹೆಚ್ಚಿದವು.

ವಿಧಾನ ಸರಳವಾಗಿ ಕಂಡರೂ ಪ್ರತಿ ಹೆಜ್ಜೆಯಲ್ಲೂ ಎಚ್ಚರ ಬೇಕು. ಮೊದಲು ಮೊಣಕೈ ಮಡಿಕೆಯ ರಕ್ತನಾಳದಿಂದ 10ರಿಂದ 30 ಮಿಲಿಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುವ ಟ್ಯೂಬಿಗೆ ತುಂಬುತ್ತಾರೆ. ಟ್ಯೂಬನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ಗರಗರ ತಿರುಗಿಸಿದಾಗ ರಕ್ತ ಪದರ ಪದರವಾಗಿ ಬೇರ್ಪಡುತ್ತದೆ. ತಳದಲ್ಲಿ ಕಡುಗೆಂಪು ರಕ್ತಕಣ, ಅದರ ಮೇಲೆ ಬಿಳಿ ರಕ್ತಕಣಗಳ ತೆಳು ಪೊರೆ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ಪ್ಲಾಸ್ಮಾ. ಹಲವು ಕಡೆ ಈ ಪ್ಲಾಸ್ಮಾವನ್ನು ಬೇರೆ ಮಾಡಿ ಎರಡನೆಯ ಸಲ ಇನ್ನೂ ಜೋರಾಗಿ ತಿರುಗಿಸುತ್ತಾರೆ. ಆಗ ಪ್ಲೇಟ್‌ಲೆಟ್‌ಗಳು ತಳಕ್ಕಿಳಿಯುತ್ತವೆ; ಮೇಲಿನ ಭಾಗವನ್ನು ಚೆಲ್ಲಿ ಉಳಿದ ಕೆಲವು ಮಿಲಿಲೀಟರನ್ನು ಬಳಸುತ್ತಾರೆ. ಸಾಮಾನ್ಯ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇದ್ದರೆ, ಒಳ್ಳೆಯ ಪಿಆರ್‌ಪಿಯಲ್ಲಿ ಸುಮಾರು 10 ಲಕ್ಷ ಇರಬೇಕೆಂಬುದು ವೈದ್ಯರು ಇಟ್ಟುಕೊಂಡಿರುವ ಗುರಿ.

ನೆತ್ತಿಯನ್ನು ನಂಜುನಾಶಕದಿಂದ ಒರೆಸಿ, ಮರಗಟ್ಟಿಸುವ ಮುಲಾಮು ಹಚ್ಚುತ್ತಾರೆ ಅಥವಾ ಹಣೆಯ ನರಗಳ ಬಳಿ ಅರಿವಳಿಕೆ ಕೊಡುತ್ತಾರೆ. ಆಮೇಲೆ ಇನ್ಸುಲಿನ್ ಸಿರಿಂಜಿನಂಥ ನವಿರು ಸೂಜಿಯಿಂದ, ಸುಮಾರು ಒಂದು ಸೆಂಟಿಮೀಟರಿಗೊಂದರಂತೆ, ಪ್ರತಿ ಚುಚ್ಚಿಗೆ ಒಂದೆರಡು ಹನಿ ಬಿಡುತ್ತ ಹೋಗುತ್ತಾರೆ. ಕೂದಲು ತೆಳುವಾದ ಜಾಗವೆಲ್ಲ ಮುಗಿಯುವಷ್ಟರಲ್ಲಿ ಹತ್ತಾರು ಚುಚ್ಚುಗಳಾಗಿರುತ್ತವೆ. ಹಣೆಯ ಅಂಚಿನಲ್ಲಿ ನೋವು ಹೆಚ್ಚು. ಸಾಮಾನ್ಯವಾಗಿ ತಿಂಗಳಿಗೊಂದರಂತೆ 3 ಅಥವಾ 4 ಸಲ, ಆಮೇಲೆ ಸುಮಾರು 6 ತಿಂಗಳಿಗೊಮ್ಮೆ ಮಾಡುವುದು ರೂಢಿ.

ಫಲ ಎಷ್ಟು?

ಇಟಲಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. 20 ಗಂಡಸರ ಅರ್ಧ ತಲೆಗೆ ಪಿಆರ್‌ಪಿ, ಉಳಿದರ್ಧಕ್ಕೆ ಔಷಧಿಯಿಲ್ಲದ ದ್ರವ ಚುಚ್ಚಲಾಯಿತು. ತಿಂಗಳಿಗೊಂದರಂತೆ 3 ಸುತ್ತು ಮುಗಿದಾಗ ಪಿಆರ್‌ಪಿ ಬಿದ್ದ ಭಾಗದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸರಾಸರಿ 46ರಷ್ಟು ಕೂದಲು ಹೆಚ್ಚಿತ್ತು. ಅದೇ ಪ್ರಯೋಗದ ಇನ್ನೊಂದು ಅಂಶವನ್ನು ಜಾಹೀರಾತುಗಳು ಹೇಳುವುದಿಲ್ಲ: ಚಿಕಿತ್ಸೆ ನಿಂತು ವರ್ಷವಾಗುವಷ್ಟರಲ್ಲಿ 4 ಮಂದಿಗೆ ಕೂದಲು ಮತ್ತೆ ಉದುರತೊಡಗಿ, ಅವರಿಗೆ ಮರುಚಿಕಿತ್ಸೆ ಬೇಕಾಯಿತು.

ಹಲವು ಚಿಕ್ಕ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಕೂದಲ ಸಾಂದ್ರತೆ ಹೆಚ್ಚಿದ್ದು ಕಾಣುತ್ತದೆ. ಪ್ಲಾಸ್ಮಾಕ್ಕೂ ಬರೀ ಉಪ್ಪುನೀರಿಗೂ ಗಣನೀಯ ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ಈ ಏರುಪೇರಿಗೆ ಮುಖ್ಯ ಕಾರಣ, ಪಿಆರ್‌ಪಿ ಎಂಬುದು ಒಂದೇ ಸರಕಲ್ಲದಿರುವುದು. ತೆಗೆದ ರಕ್ತವೆಷ್ಟು, ಯಂತ್ರ ತಿರುಗಿದ ವೇಗವೆಷ್ಟು, ಒಂದು ಸುತ್ತೇ ಎರಡೇ, ಬಿಳಿ ರಕ್ತಕಣ ಸೇರಿದೆಯೇ ಬಿಟ್ಟಿದೆಯೇ, ಎಷ್ಟು ದಿನಕ್ಕೊಮ್ಮೆ ಚುಚ್ಚಿದರು ಎಂಬುದೆಲ್ಲ ಕಡೆಯಿಂದ ಕಡೆಗೆ ಬೇರೆ. ಮಾತ್ರೆಯಾದರೆ ಚೀಟಿಯ ಮೇಲೆ ಮಿಲಿಗ್ರಾಂ ಬರೆದಿರುತ್ತದೆ. ಇಲ್ಲಿ ಔಷಧಿ ತಯಾರಾಗುವುದು ಕ್ಲಿನಿಕ್ಕಿನ ಮೇಜಿನ ಮೇಲೆ, ಆ ಹೊತ್ತಿನಲ್ಲಿ. ಪ್ಲೇಟ್‌ಲೆಟ್ ಎಣಿಸದೆ ಚುಚ್ಚಿದರೆ ಒಳಗೆ ಹೋದದ್ದು ಸಾಂದ್ರ ಪ್ಲಾಸ್ಮಾವೋ ತೆಳು ಪ್ಲಾಸ್ಮಾವೋ ಗೊತ್ತಾಗುವುದಿಲ್ಲ.

ಪಿಆರ್‌ಪಿಯ ತಮ್ಮಂದಿರು

ಜಿಎಫ್‌ಸಿ ಎಂಬ ಹೆಸರಿನಲ್ಲಿ ಬರುವುದು ಇದರದೇ ಮುಂದುವರಿಕೆ. ಪ್ಲೇಟ್‌ಲೆಟ್‌ಗಳನ್ನು ಪ್ರಚೋದಿಸುವ ದ್ರವವಿರುವ ಟ್ಯೂಬಿಗೆ ರಕ್ತ ತುಂಬಿದಾಗ ಅವು ಅಲ್ಲಿಯೇ ತಮ್ಮ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಆಮೇಲೆ ತಿರುಗಿಸಿ, ಕಣಗಳಿಲ್ಲದ ತಿಳಿ ದ್ರವವನ್ನಷ್ಟೇ ಚುಚ್ಚುತ್ತಾರೆ. ಪಿಆರ್‌ಎಫ್ ಎಂಬ ಇನ್ನೊಂದು ಬಗೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಹಾಕುವುದಿಲ್ಲ. ಹೀಗಾಗಿ ಚುಚ್ಚಿದ ದ್ರವ ಚರ್ಮದೊಳಗೆ ಫೈಬ್ರಿನ್ ಬಲೆಯಾಗಿ ಕಟ್ಟಿಕೊಂಡು, ಪ್ರೋಟೀನುಗಳು ನಿಧಾನವಾಗಿ ಜಿನುಗುತ್ತವೆ ಎಂಬುದು ಅದರ ತರ್ಕ. ಎರಡೂ ಪಿಆರ್‌ಪಿಗಿಂತ ಮೇಲೆಂದು ಮಾರಾಟವಾಗುತ್ತವೆ. ಹಾಗೆಂದು ಖಚಿತವಾಗಿ ತೀರ್ಮಾನಿಸುವಷ್ಟು ದೊಡ್ಡ ಹೋಲಿಕೆ ಪ್ರಯೋಗಗಳ ಬಲ ಈ ಮಾತಿಗೆ ಇಲ್ಲ.

ಮೀಸೋಥೆರಪಿ: ಔಷಧಿಯನ್ನೇ ನೆತ್ತಿಗೆ

ಫ್ರಾನ್ಸಿನ ವೈದ್ಯ ಮಿಶೆಲ್ ಪಿಸ್ಟೋರ್ 1952ರಲ್ಲಿ ಆರಂಭಿಸಿದ ಮೀಸೋಥೆರಪಿಯ ತತ್ತ್ವ ಸರಳ: ತೊಂದರೆ ಇರುವ ಜಾಗದಲ್ಲೇ ಚರ್ಮದೊಳಕ್ಕೆ ಸ್ವಲ್ಪ ಸ್ವಲ್ಪ ಔಷಧಿ. ಕೂದಲಿಗೆ ಬಂದಾಗ ಆ ಔಷಧಿ ಬಯೋಟಿನ್‌ನಂಥ ವಿಟಮಿನ್ನುಗಳ ಮಿಶ್ರಣವಾಗಿರಬಹುದು, ಸಾಮಾನ್ಯವಾಗಿ ನೆತ್ತಿಗೆ ಹಚ್ಚುವ ಮಿನಾಕ್ಸಿಡಿಲ್ ಆಗಿರಬಹುದು, ಡಿಎಚ್‌ಟಿ ತಡೆಯುವ ಡ್ಯುಟಾಸ್ಟೆರೈಡ್ ಆಗಿರಬಹುದು. ವಿಟಮಿನ್ ಮಿಶ್ರಣಗಳಲ್ಲಿ ಏನೇನು ಎಷ್ಟೆಷ್ಟು ಎಂಬುದಕ್ಕೆ ಒಂದು ಮಾನದಂಡ ಇಲ್ಲ. ವಿಟಮಿನ್ ಕೊರತೆಯೇ ಇಲ್ಲದವನ ನೆತ್ತಿಗೆ ವಿಟಮಿನ್ ಚುಚ್ಚಿದರೆ ಡಿಎಚ್‌ಟಿ ಕಡಿಮೆಯಾಗುವುದಿಲ್ಲ.

ಡ್ಯುಟಾಸ್ಟೆರೈಡ್ ಚುಚ್ಚುವ ಪ್ರಯೋಗಗಳು ಹೆಚ್ಚು ಗಮನಾರ್ಹ. ಈ ಔಷಧಿ 5-ಆಲ್ಫಾ ರಿಡಕ್ಟೇಸಿನ ಎರಡು ಮುಖ್ಯ ಬಗೆಗಳನ್ನೂ ತಡೆಯುತ್ತದೆ. ಮೂಲತಃ ಪ್ರಾಸ್ಟೇಟ್ ಊತಕ್ಕೆ ಕೊಡುವ ಕ್ಯಾಪ್ಸೂಲು. ಬೊಕ್ಕತಲೆಗೆ ನುಂಗುವ ಔಷಧಿಯಾಗಿ ದಕ್ಷಿಣ ಕೊರಿಯಾ ಮತ್ತು ಜಪಾನುಗಳಲ್ಲಿ ಒಪ್ಪಿಗೆ ಪಡೆದಿದೆ. ನುಂಗಿದಾಗ ಮೈಯೆಲ್ಲ ಹರಡಿ ಕೆಲವರಲ್ಲಿ ಲೈಂಗಿಕ ಆಸಕ್ತಿ ತಗ್ಗಿಸುವ ಈ ಔಷಧಿಯನ್ನು ನೆತ್ತಿಗಷ್ಟೇ ಕೊಟ್ಟರೆ ಅಡ್ಡ ಪರಿಣಾಮ ಕಡಿಮೆಯಾದೀತು ಎಂಬುದು ಲೆಕ್ಕಾಚಾರ. ಚಿಕ್ಕ ಪ್ರಯೋಗಗಳಲ್ಲಿ ಫಲ ಆಶಾದಾಯಕ. ಆದರೂ ಸ್ವಲ್ಪ ಪ್ರಮಾಣ ರಕ್ತಕ್ಕೆ ಸೇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಸೇರಿದ್ದು ವಾರಗಟ್ಟಲೆ ಉಳಿಯುತ್ತದೆ. ಈ ಕ್ಯಾಪ್ಸೂಲು ನುಂಗುವವರು ನಿಲ್ಲಿಸಿದ ಮೇಲೂ 6 ತಿಂಗಳು ರಕ್ತದಾನ ಮಾಡಬಾರದೆಂಬ ನಿಯಮವಿರುವುದು ಇದಕ್ಕೇ: ಆ ರಕ್ತ ಗರ್ಭಿಣಿಗೆ ಹೋದರೆ ಗಂಡು ಭ್ರೂಣಕ್ಕೆ ಅಪಾಯ.

ಮೀಸೋಥೆರಪಿಯಲ್ಲಿ ಸೂಜಿಯೋ ಔಷಧಿಯೋ ಶುದ್ಧವಾಗಿರದಿದ್ದರೆ ಕೀವು ಕಟ್ಟುವುದು, ಗುಣವಾಗಲು ತಿಂಗಳುಗಟ್ಟಲೆ ಹಿಡಿಯುವ ಸೋಂಕು, ಚುಚ್ಚಿದ ಜಾಗದಲ್ಲೇ ತೇಪೆಯಾಗಿ ಕೂದಲು ಹೋಗುವುದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಬೊಟಾಕ್ಸ್, ಎಕ್ಸೋಸೋಮ್, ಕಾಂಡಕೋಶ

ಮುಖದ ಸುಕ್ಕಿಗೆ ಬಳಸುವ ಬೊಟಾಕ್ಸನ್ನು ತಲೆಯ ಸುತ್ತಲಿನ ಸ್ನಾಯುಗಳಿಗೆ ಚುಚ್ಚಿದರೆ ಬಿಗಿ ಸಡಿಲಿ ರಕ್ತಸಂಚಾರ ಹೆಚ್ಚುತ್ತದೆ ಎಂಬ ಊಹೆಯನ್ನು 50 ಗಂಡಸರಲ್ಲಿ ಪರೀಕ್ಷಿಸಿದ ವರದಿ 2010ರಲ್ಲಿ ಬಂತು. ಪೂರ್ತಿ ಪಾಲ್ಗೊಂಡ 40 ಮಂದಿಯಲ್ಲಿ ಕೂದಲ ಎಣಿಕೆ ಸರಾಸರಿ ಶೇಕಡಾ 18ರಷ್ಟು ಏರಿತ್ತು. ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಗುಂಪು ಮಾತ್ರ ಇರಲಿಲ್ಲ. ಇದಿನ್ನೂ ಪ್ರಯೋಗದ ಹಂತ.

ಎಕ್ಸೋಸೋಮ್‌ಗಳು ಜೀವಕೋಶಗಳು ಹೊರಹಾಕುವ ಅತಿ ಸೂಕ್ಷ್ಮ ಚೀಲಗಳು. ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಇವುಗಳನ್ನು ನೆತ್ತಿಗೆ ಚುಚ್ಚುವುದು ಹೊಸ ಅಲೆ. ತಾನು ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತ್ತು. ಕಾಂಡಕೋಶ ಚಿಕಿತ್ಸೆಯ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಖಚಿತವಾಗಿದೆ: ರಕ್ತ ಸಂಬಂಧಿ ಕಾಯಿಲೆಗಳಂಥ ಒಪ್ಪಿತ ಸಂದರ್ಭಗಳನ್ನು ಬಿಟ್ಟು ಉಳಿದದ್ದೆಲ್ಲ ಸಂಶೋಧನೆ, ಅದನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ.

ಮದ್ದಿನ ಜೊತೆಗೇ ಸೂಜಿ

ಬೊಕ್ಕತಲೆಗೆ ಹೆಚ್ಚು ಪುರಾವೆ ಇರುವ ಔಷಧಿಗಳು ಈಗಲೂ ಎರಡು. ರಕ್ತದೊತ್ತಡದ ಮಾತ್ರೆಯಾಗಿದ್ದ ಮಿನಾಕ್ಸಿಡಿಲ್ ನುಂಗಿದವರ ಮೈಮೇಲೆ ರೋಮ ಬೆಳೆದದ್ದು ಕಂಡು ಅದನ್ನು ಹಚ್ಚುವ ದ್ರವವಾಗಿಸಿದರು. ಗಂಡಸರ ಬಳಕೆಗೆ ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು. ಡಿಎಚ್‌ಟಿ ತಗ್ಗಿಸುವ ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆಗೆ 1997ರಲ್ಲಿ ಅನುಮತಿ ದೊರೆಯಿತು. ಪಿಆರ್‌ಪಿ ಡಿಎಚ್‌ಟಿಯನ್ನು ತಡೆಯುವುದಿಲ್ಲ. ಮೂಲ ಕಾರಣ ಹಾಗೇ ಉಳಿಯುವುದರಿಂದ ಚರ್ಮವೈದ್ಯರು ಸಾಮಾನ್ಯವಾಗಿ ಇದನ್ನು ಔಷಧಿಗಳ ಜೊತೆಗೆ ಸೇರಿಸುತ್ತಾರೆ. ಮಾತ್ರೆಯ ಅಡ್ಡ ಪರಿಣಾಮ ತಾಳದವರಿಗೆ, ಮಾತ್ರೆ ಬೇಡವೆನ್ನುವವರಿಗೆ ಮಾತ್ರ ಇದನ್ನೇ ಮುಂದಿಡುತ್ತಾರೆ.

ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಈ ಚಿಂತೆ ಮದುವೆಯ ಮಾತಿನೊಂದಿಗೆ ಸೇರಿ ಬರುವುದುಂಟು. ಹೆಣ್ಣು ಹುಡುಕುವ ಬೊಕ್ಕತಲೆಯ ಕನ್ನಡ ಉಪನ್ಯಾಸಕನನ್ನು ನಾಯಕನನ್ನಾಗಿಸಿದ 'ಒಂದು ಮೊಟ್ಟೆಯ ಕಥೆ' ಸಿನಿಮಾ 2017ರಲ್ಲಿ ತೋರಿಸಿದ್ದು ಈ ಸಂಕಟವನ್ನೇ. ಆದರೆ ಮುಹೂರ್ತಕ್ಕೆ ತಿಂಗಳಿರುವಾಗ ಕ್ಲಿನಿಕ್ಕಿಗೆ ಹೋದರೆ ಪ್ರಯೋಜನವಿಲ್ಲ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಕಣ್ಣಿಗೆ ಕಾಣುವ ಬದಲಾವಣೆಗೆ 4ರಿಂದ 6 ತಿಂಗಳು ಕಾಯಬೇಕು.

ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ

ತೆಳುವಾಗುವುದು ಶುರುವಾಗಿ ಹೆಚ್ಚು ಕಾಲವಾಗದ, ನೆತ್ತಿಯಲ್ಲಿ ಇನ್ನೂ ನವಿರು ಕೂದಲಿರುವ ಗಂಡಸರಿಗೆ ಫಲದ ಸಾಧ್ಯತೆ ಹೆಚ್ಚು. ಚರ್ಮ ನುಣುಪಾಗಿ ಹೊಳೆಯುವ ಜಾಗದಲ್ಲಿ ಚುಚ್ಚಿದರೆ ಹಣ ದಂಡ. ಅದಕ್ಕೂ ಮೊದಲು ಉದುರುತ್ತಿರುವ ಕಾರಣ ಇದೇ ಹೌದೇ ಎಂದು ತಿಳಿಯಬೇಕು. ಡೆಂಗಿ, ಟೈಫಾಯ್ಡ್, ಕೋವಿಡ್ ಬಂದುಹೋದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಯಾಗುತ್ತದೆ. ಆ ಹೊತ್ತಿನಲ್ಲಿ ಪಿಆರ್‌ಪಿ ಮಾಡಿಸಿದರೆ ತಾನಾಗಿ ಬಂದ ಕೂದಲಿನ ಕೀರ್ತಿ ಸೂಜಿಗೆ ಹೋಗುತ್ತದೆ. ನಾಣ್ಯದಾಕಾರದಲ್ಲಿ ಕೂದಲು ಹೋಗುವುದು ಬೇರೆಯೇ ಕಾಯಿಲೆ. ಅದಕ್ಕೂ ನೆತ್ತಿಗೆ ಇಂಜೆಕ್ಷನ್ ಕೊಡುತ್ತಾರೆ, ಆದರೆ ಕೊಡುವುದು ಸ್ಟೀರಾಯ್ಡ್. ಚರ್ಮವೈದ್ಯರು ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡಿದರೆ, ಗಂಡಸರ ಬೊಕ್ಕತಲೆಯಲ್ಲಿ ದಪ್ಪ ಮತ್ತು ತೆಳು ಕೂದಲು ಅಕ್ಕಪಕ್ಕ ಬೆರೆತಿರುವುದು ಕಾಣುತ್ತದೆ.

ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು, ನೆತ್ತಿಯಲ್ಲಿ ಸೋಂಕು ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಪಿಆರ್‌ಪಿ ಮಾಡಿಸಬಾರದು. ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು ಮೊದಲೇ ವೈದ್ಯರಿಗೆ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಸ್ವಂತ ರಕ್ತವಾದ್ದರಿಂದ ಅಲರ್ಜಿ ಅಪರೂಪ. ಒಂದೆರಡು ದಿನ ನೆತ್ತಿ ನೋಯುವುದು, ತಲೆನೋವು, ಚುಚ್ಚಿದ ಕಡೆ ರಕ್ತದ ಚುಕ್ಕೆ, ಹಣೆ ಊದುವುದು ಸಾಮಾನ್ಯ.

ಶುಚಿತ್ವ ಮತ್ತು ಕಾನೂನು

ದೊಡ್ಡ ಅಪಾಯ ಬರುವುದು ಕೊಳೆಯಿಂದ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ ಪಿಆರ್‌ಪಿ ಬಳಸಿ ಮುಖಕ್ಕೆ ಸೂಜಿ ಚಿಕಿತ್ಸೆ ಮಾಡಿಸಿಕೊಂಡ ಹಲವರಿಗೆ ಎಚ್‌ಐವಿ ತಗುಲಿದ್ದು 2018ರಿಂದ ನಡೆದ ತನಿಖೆಯಲ್ಲಿ ಹೊರಬಂತು. ಹೆಸರು ಬರೆಯದ ರಕ್ತದ ಟ್ಯೂಬುಗಳು ಅಲ್ಲಿನ ಅಡುಗೆಮನೆಯ ಫ್ರಿಜ್ಜಿನಲ್ಲಿ ತಿಂಡಿಯ ಪಕ್ಕದಲ್ಲೇ ಇದ್ದವು. ಸೌಂದರ್ಯಕ್ಕಾಗಿ ಚುಚ್ಚಿಸಿಕೊಂಡ ಇಂಜೆಕ್ಷನ್ನಿನಿಂದ ಎಚ್‌ಐವಿ ಹರಡಿದ ಮೊದಲ ದಾಖಲಿತ ಪ್ರಕರಣವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು.

ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕೂದಲು ಕಸಿಯೂ ಸೇರಿದಂತೆ ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿದ್ದು ತರಬೇತಿಯಾಗದು ಎಂದು ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ನೋಂದಣಿ ಮಾಡಿಸಿಕೊಂಡು ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ಹಾಕಬೇಕು. ಬ್ಯೂಟಿ ಪಾರ್ಲರಿನ ಒಳಕೋಣೆಯಲ್ಲಿ ಇಂಥ ಚಿಕಿತ್ಸೆಗೆ ಅವಕಾಶವಿಲ್ಲ. ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆಯೂ ಹಣ ಕೊಡುವುದಿಲ್ಲ; ವರ್ಷಗಟ್ಟಲೆ ಮುಂದುವರಿಸಬೇಕಾದ ಖರ್ಚು ಪೂರ್ತಿ ಕೈಯಿಂದಲೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಚುಚ್ಚುವವರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತ ವೈದ್ಯರೇ? ಸೂಜಿ, ಟ್ಯೂಬುಗಳ ಪ್ಯಾಕೆಟ್ಟನ್ನು ಕಣ್ಣೆದುರಿಗೇ ಒಡೆಯುತ್ತಾರೆಯೇ? ಟ್ಯೂಬಿನ ಮೇಲೆ ರೋಗಿಯ ಹೆಸರಿದೆಯೇ? ಪ್ಲೇಟ್‌ಲೆಟ್ ಎಷ್ಟಿದೆಯೆಂದು ಎಣಿಸುತ್ತಾರೆಯೇ? ಒಂದೇ ಜಾಗದ, ಒಂದೇ ಬೆಳಕಿನ ಫೋಟೊವನ್ನು ಮೊದಲೂ ಆಮೇಲೂ ತೆಗೆಯುತ್ತಾರೆಯೇ? ಇವಕ್ಕೆ ನೇರ ಉತ್ತರ ಸಿಗದ ಕಡೆ, ಪ್ಯಾಕೇಜಿನ ಮೇಲೆ ಎಷ್ಟೇ ರಿಯಾಯಿತಿ ಕೊಟ್ಟರೂ, ತೋಳು ಚಾಚಬಾರದು.